ಹಳೆ ಮನೆ ಗೋಡೆಗೆ ಬಿಳಿ ಸಿಮೆಂಟ್ ಪುಟ್ಟಿ: ಆರು ಮಳೆಗಾಲ ಕಳೆದ ಮೇಲೆ

ಬಳಸಿದ್ದು: 40 ಕೆ.ಜಿ. ಚೀಲದಲ್ಲಿ ಬರುವ ಬಿಳಿ ಸಿಮೆಂಟಿನ ವಾಲ್ ಪುಟ್ಟಿ (ಬಣ್ಣಕ್ಕೆ ಮೊದಲು ಗೋಡೆ ನುಣುಪು ಮಾಡಲು ಹಚ್ಚುವ ಪುಡಿ)
ಜಾಗ: ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಕಟ್ಟಿದ ಹಳೆ ಮನೆಯ ಒಳಗೋಡೆ
ಅಂಕ: ನೆಲದಿಂದ ನಾಲ್ಕಡಿ ಮೇಲಕ್ಕೆ 5ಕ್ಕೆ 4, ಅದರ ಕೆಳಗೆ 5ಕ್ಕೆ 1

ಚೀಲ ಅದೇ, ಕೈ ಅದೇ, ಗೋಡೆಯೂ ಅದೇ. ಮೇಲುಭಾಗ ಇವತ್ತಿಗೂ ಹಾಲಿನ ಕೆನೆಯಂತೆ ನುಣುಪಾಗಿದೆ. ಕೆಳಭಾಗ ಎರಡನೇ ಮಳೆಗಾಲಕ್ಕೇ ಹಕ್ಕಳೆ ಎದ್ದಿತು. ತಪ್ಪು ಪುಟ್ಟಿಯದಲ್ಲ, ಅದನ್ನು ಹಚ್ಚಿದ ಜಾಗದ್ದು. ಹಾಗಾಗಿ ಕಂಪನಿ ಹೆಸರು ಇಲ್ಲಿ ಮುಖ್ಯವಲ್ಲ.

1898ರ ಪ್ಲೇಗಿನ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳ ಹಳೆ ಮನೆಗಳಿರಲಿ, ಊರ ಕಡೆಯ ಹೆಂಚಿನ ಮನೆಗಳಿರಲಿ, ಇಂಥವುಗಳ ಪಾಯದ ಮೇಲೆ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದ ನೀರನ್ನು ಇಟ್ಟಿಗೆ ಬತ್ತಿಯ ಹಾಗೆ ಹೀರುತ್ತದೆ. ಮೂರಡಿಯವರೆಗೂ ಏರುವುದುಂಟು. ಸುಣ್ಣದ ಗಿಲಾವಿನಲ್ಲಿ ಆ ತೇವ ಗಾಳಿಗೆ ಆರಿಹೋಗುತ್ತದೆ. ಅದರ ಮೇಲೆ ಪುಟ್ಟಿ, ಪ್ರೈಮರ್, ಎಮಲ್ಷನ್ ಮೂರನ್ನೂ ಬಳಿದರೆ ದಾರಿ ಮುಚ್ಚಿತು. ನೀರು ಹೇಗೋ ಆರುತ್ತದೆ, ಅದರ ಜೊತೆ ಬಂದ ಉಪ್ಪು ಮಾತ್ರ ಪುಟ್ಟಿಯ ಬೆನ್ನಿಗೇ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುತ್ತದೆ. ಗೋಡೆ ಮೇಲೆ ಹತ್ತಿಯಂಥ ಬಿಳಿ ನವಿರು ಕಂಡರೆ ಅದೇ ಈ ಉಪ್ಪು. ಅದನ್ನು ಒಣ ಬ್ರಷ್‌ನಿಂದ ಗುಡಿಸಿ ಹೊರಗೆ ಹಾಕಿ. ತೊಳೆದಿರೋ, ಕರಗಿ ಮತ್ತೆ ಗೋಡೆಗೇ ಇಳಿಯಿತು.

ಪುಟ್ಟಿ ಚೀಲ ತರುವ ಮೊದಲು ಒಂದು ಪರೀಕ್ಷೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದಿಂದ ಎರಡಡಿ ಮೇಲೆ ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಸಂದಿಲ್ಲದ ಹಾಗೆ ಟೇಪ್ ಅಂಟಿಸಿ. ಒಂದು ದಿನ ಪೂರ್ತಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯದು. ಅಲ್ಲಿಗೆ ಪುಟ್ಟಿ ಬೇಡ. ಹೊರಮೈಯಲ್ಲಿ ಮಾತ್ರ ಹನಿ ಇದ್ದರೆ ಕೋಣೆಯ ಗಾಳಿಯದು. ಕಿಟಕಿ ತೆರೆದಿಟ್ಟರೆ ಆಯಿತು. ಇದನ್ನು ಮಳೆಗಾಲದಲ್ಲೇ ಮಾಡಿ. ಏಪ್ರಿಲ್‌ನಲ್ಲಿ ಯಾವ ಗೋಡೆಯೂ ಪಾಸಾಗುತ್ತದೆ.

ಇನ್ನು ಮೇಲುಭಾಗ. ಅರ್ಧ ಕೆಲಸ ಕೆರೆಯುವುದರಲ್ಲೇ ಇದೆ. ಅಂಗೈಯಿಂದ ಗೋಡೆ ಸವರಿದಾಗ ಬೆಳ್ಳಗೆ ಪುಡಿ ಅಂಟಿದರೆ ಹಳೆ ಸುಣ್ಣವೋ ಡಿಸ್ಟೆಂಪರೋ ಇನ್ನೂ ಉಳಿದಿದೆ. ಪುಟ್ಟಿ ಎಳೆಯುವ ಲೋಹದ ಪಟ್ಟಿಯಿಂದಲೇ ಗಟ್ಟಿ ಗಿಲಾವು ಸಿಗುವವರೆಗೆ ಕೆರೆಯಬೇಕು. ಗುತ್ತಿಗೆಗೆ ಕೊಟ್ಟರೆ ಮೊದಲು ಹಾರಿಸುವ ಹಂತವೇ ಇದು. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ‘ಡಬ್ ಡಬ್’ ಅಂದ ಕಡೆ ಗಿಲಾವು ಇಟ್ಟಿಗೆಯಿಂದ ಬಿಟ್ಟಿದೆ. ಅದನ್ನು ಕಿತ್ತು ಹೊಸದಾಗಿ ಹಾಕದೆ ಮೇಲೆ ಏನು ಬಳಿದರೂ ಒಂದು ದಿನ ಚಪ್ಪಡಿಯಾಗಿಯೇ ಬೀಳುತ್ತದೆ.

ಕೂದಲೆಳೆಯಂಥ ಬಿರುಕನ್ನು ಪುಟ್ಟಿಯೇ ಮುಚ್ಚುತ್ತದೆ. ಅದಕ್ಕಿಂತ ಅಗಲವಿದ್ದರೆ ಪಟ್ಟಿಯ ಮೂಲೆಯಿಂದ ಕೊರೆದು ಬಾಯಿ ಅಗಲಿಸಿ, ದೂಳು ಒರೆಸಿ, ಕ್ರ್ಯಾಕ್ ಫಿಲ್ಲರ್ ತುಂಬಿ. ಬಾಗಿಲ ಚೌಕಟ್ಟು ಗೋಡೆಗೆ ಸೇರುವ ಕಡೆ ಮರ ಹಿಗ್ಗಿ ಕುಗ್ಗುವುದರಿಂದ ಪುಟ್ಟಿ ನಿಲ್ಲುವುದಿಲ್ಲ. ಅಲ್ಲಿಗೆ ಪೇಂಟ್ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ಸಾಕು.

ಕಲಸುವ ಲೆಕ್ಕ ಕೆ.ಜಿ.ಗೆ ಸುಮಾರು 370ರಿಂದ 400 ಮಿ.ಲೀ. ನೀರು. ನೀರಿಗೆ ಪುಡಿ ಹಾಕಿ, ಹತ್ತು ನಿಮಿಷ ಬಿಡದೆ ಕಲಸಿ. ಹೊಸಬರು ಒಂದು ಸಲಕ್ಕೆ ಎರಡು ಕೆ.ಜಿ. ಮೀರಬೇಡಿ, ಎರಡೂವರೆ ಮೂರು ಗಂಟೆಯೊಳಗೆ ಮುಗಿಸಬೇಕು. ಬಿಗಿಯಾಗತೊಡಗಿದ ಪುಟ್ಟಿಗೆ ಮತ್ತೆ ನೀರು ಬೆರೆಸಿ ಹಚ್ಚುವುದು ಎಲ್ಲ ಕಡೆ ನಡೆಯುವ ತಪ್ಪು. ಅಂಥದ್ದು ಒಣಗಿದ ಮೇಲೆ ಉಗುರಿಗೇ ಪುಡಿಯಾಗಿ ಬರುತ್ತದೆ.

ಇನ್ನೊಂದು ತಪ್ಪು, ಒಣ ಗೋಡೆಗೆ ಹಚ್ಚುವುದು. ಇದರಲ್ಲಿರುವುದು ಸಿಮೆಂಟು, ಅದು ಗಟ್ಟಿಯಾಗಲು ನೀರು ಬೇಕು. ಹಳೆ ಸುಣ್ಣದ ಗಿಲಾವಿನ ದಾಹ ಹೇಳತೀರದು, ಪುಟ್ಟಿಯ ನೀರನ್ನೆಲ್ಲ ಕ್ಷಣದಲ್ಲಿ ಹೀರುತ್ತದೆ. ಪಟ್ಟಿ ಎಳೆಯುವಾಗ ಕೈಗೆ ತಡೆ ಸಿಕ್ಕಿ, ಹಿಂದೆಯೇ ಗೆರೆ ಬಿದ್ದು, ಪುಟ್ಟಿ ಸುರುಳಿ ಸುತ್ತಿಕೊಂಡು ಬಂದರೆ ಗೋಡೆ ಒಣಗಿದೆ ಎಂದರ್ಥ. ಮೊದಲೇ ನೀರು ಚಿಮುಕಿಸಿ, ಮೈಮೇಲಿನ ಹೊಳಪು ಆರಿದ ಕೂಡಲೇ ಶುರುಮಾಡಿ. ಮೊದಲ ಪದರ ಕೆಳಗಿನಿಂದ ಮೇಲಕ್ಕೆ, ನಾಲ್ಕು ಗಂಟೆ ಬಿಟ್ಟು ಎರಡನೆಯದು. ಎರಡೂ ಸೇರಿ ಒಂದೂವರೆ ಮಿ.ಮೀ. ಮೀರಬಾರದು. ಗುಂಡಿಯನ್ನೆಲ್ಲ ಪುಟ್ಟಿಯಲ್ಲೇ ತುಂಬಲು ಹೋದರೆ ಜಾಲದಂತೆ ಬಿರಿಯುತ್ತದೆ.

ಚೀಲದ ಮೇಲೆ ಬರೆದ ವಿಸ್ತೀರ್ಣ ಹೊಸ, ಸಮತಟ್ಟಾದ ಗೋಡೆಯದು. ಹಳೆ ಗೋಡೆಗೆ ಎರಡು ಪದರ ಸೇರಿ ಕೆ.ಜಿ.ಗೆ ಎಂಟರಿಂದ ಹತ್ತು ಚದರಡಿ ಎಂದು ಹಿಡಿಯಿರಿ. 10x12 ಅಡಿಯ, ಹತ್ತಡಿ ಎತ್ತರದ ಕೋಣೆಯ ಗೋಡೆಗೆ ಪೂರ್ತಿ ಹಚ್ಚುವುದಾದರೆ ಬಾಗಿಲು ಕಿಟಕಿ ಕಳೆದು ಸುಮಾರು 380 ಚದರಡಿ. ಒಂದು ಚೀಲ ಸಾಲದೆ ಹೋಗಬಹುದು, ಜೊತೆಗೆ 5 ಕೆ.ಜಿ. ಪ್ಯಾಕೆಟ್ ಒಂದೆರಡು ಇರಲಿ.

ಒಣಗಿದ ಪುಟ್ಟಿಯನ್ನು ಎಮರಿ ಪೇಪರ್‌ನಿಂದ ಉಜ್ಜುವಾಗ ಮೂಗಿಗೆ ಎನ್95 ಮಾಸ್ಕ್ ಬೇಕೇ ಬೇಕು, ಕರವಸ್ತ್ರ ಸಾಲದು. ಅದೇ ಪೇಪರ್ ಹಿಡಿದು ಹಳೆ ಬಾಗಿಲು ಕಿಟಕಿಯ ಆಯಿಲ್ ಪೇಂಟನ್ನೂ ಒಣದಾಗಿ ಉಜ್ಜಲು ಹೋಗಬೇಡಿ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಹಳೆ ಪದರಗಳಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು ವಾಟರ್ ಪೇಪರ್‌ನಲ್ಲಿ ಒದ್ದೆ ಮಾಡಿಯೇ ಉಜ್ಜಿ, ಮಕ್ಕಳನ್ನು ದೂರವಿಡಿ.

ಹಾಗಾದರೆ ಕೆಳಗಿನ ನಾಲ್ಕಡಿಗೆ ಏನು? ಹಳೆಯದೇ, ಸುಣ್ಣ. ಅನೇಕ ಮೇಸ್ತ್ರಿಗಳು ಇಲ್ಲಿ ಸಿಮೆಂಟ್ ಗಿಲಾವು ಹಾಕೋಣ, ಗಟ್ಟಿ ಇರುತ್ತದೆ ಅನ್ನುತ್ತಾರೆ. ಗಟ್ಟಿಯೇನೋ ಹೌದು. ತೇವ ಅದನ್ನು ದಾಟಲಾಗದೆ ಇನ್ನೂ ಮೇಲಕ್ಕೆ ಹತ್ತಿ, ಅಲ್ಲಿಯ ಒಳ್ಳೆಯ ಗೋಡೆ ಕೆಡಿಸುತ್ತದೆ. ಕಲೆ ಇರುವ ಕಡೆಯಿಂದ ಒಂದಡಿ ಮೇಲಿನವರೆಗೆ ಗಿಲಾವು ಕಿತ್ತು, ಇಟ್ಟಿಗೆಯ ಸಂದುಗಳನ್ನು ಮುಕ್ಕಾಲು ಇಂಚು ಆಳಕ್ಕೆ ಕೆರೆದು, ಒದ್ದೆ ಮಾಡಿ. ಸುಣ್ಣ ಒಂದು ಪಾಲು, ಉಪ್ಪಿಲ್ಲದ ತೊಳೆದ ಮರಳು ಮೂರು ಪಾಲು. ಒಂದು ಪದರಕ್ಕೆ ಅರ್ಧ ಇಂಚು ಮೀರಬೇಡಿ. ಮೇಲೆ ಒದ್ದೆ ಗೋಣಿ ಇಳಿಬಿಟ್ಟು ವಾರ ಕಳೆದು ಎರಡನೇ ಪದರ. ಅವಸರದಿಂದ ಒಣಗಿಸಿದ ಸುಣ್ಣ ಪುಡಿಯಾಗುತ್ತದೆ; ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಕಲ್ಲಾಗುವ ವಸ್ತು.

ಚೀಲದ ಪುಡಿ ಸುಣ್ಣಕ್ಕಿಂತ, ಅರಳಿಸಿ ಎರಡು ವಾರ ನೀರಲ್ಲಿ ನೆನೆಹಾಕಿ ಬೆಣ್ಣೆಯಂತಾದದ್ದು ಎಷ್ಟೋ ಮೇಲು. ಅರಳಿಸುವಾಗ ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಕರಗೀತು, ಕಬ್ಬಿಣದ ಡ್ರಮ್ ತನ್ನಿ. ಕಣ್ಣಿಗೆ ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ.

ಅದರ ಮೇಲೆ ಬಣ್ಣವೂ ಸುಣ್ಣದ್ದೇ. ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಮೂರು ಬಾರಿ. ಮೊದಲ ಸಲ ಬಳಿದಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಕಾಣಲಿಲ್ಲವೆಂದು ದಪ್ಪಗೆ ಬಳಿದರೆ ಸಿಪ್ಪೆ ಏಳುವುದು ಖಚಿತ. ಒರಗಿದರೆ ಬಟ್ಟೆಗೆ ಅಂಟುತ್ತದೆ, ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಇವೆರಡು ಕೊರತೆ ಇದ್ದದ್ದೇ.

ಮೇಲಿನ ಪುಟ್ಟಿಯೂ ಕೆಳಗಿನ ಸುಣ್ಣವೂ ಕೂಡುವ ಗೆರೆ ಕಣ್ಣಿಗೆ ಹೊಡೆಯುತ್ತದೆ ಅನ್ನುವವರು ಅಲ್ಲೊಂದು ತೆಳು ಮರದ ಪಟ್ಟಿ ಹೊಡೆಸಿ, ಕೆಳಗಿನ ಸುಣ್ಣಕ್ಕೆ ಒಂದಿಷ್ಟು ಕಾವಿ ಬೆರೆಸಿ. ಪುಟ್ಟಿ ಕೊಳ್ಳುವಾಗ ಚೀಲದ ಹಿಂಬದಿಯ ತಯಾರಿಕೆ ತಿಂಗಳು ನೋಡಿ, ಮೂಲೆ ಹಿಸುಕಿ. ಒಳಗೆ ಗಂಟು ಸಿಕ್ಕರೆ ಬೇರೆ ಚೀಲ ಕೇಳಿ.