ಬರೀ ಚಾಕುವಿನಲ್ಲಿ ಮರು ಆಟ: ಹಳೆಯ ‘ರೆಸಿಡೆಂಟ್ ಈವಿಲ್ 4’ ನನಗೇಕೆ ಮೇಲು

ಒಮ್ಮೆ ಮುಗಿಸಿದ ಸಾಹಸದ ವಿಡಿಯೊ ಗೇಮನ್ನು ಬೇಕೆಂದೇ ದುರ್ಬಲ ಆಯುಧ ಹಿಡಿದು ಇನ್ನೊಮ್ಮೆ ಆಡುವ ಚಟವುಳ್ಳವರಿಗೆ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: 2005ರ ‘ರೆಸಿಡೆಂಟ್ ಈವಿಲ್ 4’ ಅನ್ನು ಬರೀ ಚಾಕುವಿನಲ್ಲಿ ಆಡಿ. 2023ರಲ್ಲಿ ಬಂದ ಅದರ ಮರುನಿರ್ಮಾಣವನ್ನು ನಾನು ಇದೇ ಸವಾಲಿಗೆಂದು ಪೂರ್ತಿ ಬೆಲೆ ಕೊಟ್ಟು ಕೊಂಡೆ. ಈ ಕೆಲಸದ ಮಟ್ಟಿಗೆ ಆ ಹಣ ದಂಡವಾಯಿತು. ಮೂರನೆಯದು 2017ರ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’. ಅದನ್ನು ಭಾವನ ಸ್ವಿಚ್ (ನಿಂಟೆಂಡೊ ಕಂಪನಿಯ ಆಟದ ಯಂತ್ರ) ಎರವಲು ತಂದು, ಮರದ ಕೊಂಬೆಯೊಂದನ್ನೇ ಆಯುಧ ಮಾಡಿಕೊಂಡು ಆಡಿದೆ. ಮೂರನ್ನೂ ಆಡಿದ್ದು ಕೊಡಗಿನ ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ, ಮಳೆಗಾಲದಲ್ಲಿ, ಸಂಜೆ ಆರರ ನಂತರ. ಸ್ಥಳ ಮತ್ತು ಕಾಲವನ್ನು ಹೇಳಲು ಕಾರಣವಿದೆ. ನನ್ನ ತೀರ್ಪಿನ ಅರ್ಧದಷ್ಟು ಕರೆಂಟಿನದು.

ನಿಯಮ ಸರಳ. ಆಟ ಕೊಡುವ ಕೋವಿಗಳೆಲ್ಲ ಪೆಟ್ಟಿಗೆಯಲ್ಲೇ ಉಳಿಯಬೇಕು ಅಥವಾ ಆಟದೊಳಗಿನ ವ್ಯಾಪಾರಿಗೆ ಮಾರಾಟವಾಗಬೇಕು; ಆಟವೇ ಬೇರೆ ದಾರಿ ಇಲ್ಲದಂತೆ ಮಾಡಿದ ಕಡೆ ಮಾತ್ರ ವಿನಾಯಿತಿ. ಉದಾಹರಣೆಗೆ, ಸರೋವರದ ದೈತ್ಯ ಡೆಲ್ ಲಾಗೊವನ್ನು ದೋಣಿಯ ಮೇಲೆ ನಿಂತು ಈಟಿ ಎಸೆದೇ ಕೊಲ್ಲಬೇಕು, ಅಲ್ಲಿ ಚಾಕುವಿನ ಮಾತೇ ಬರುವುದಿಲ್ಲ. ನಾಟಿ ಮುಗಿಯುವವರೆಗೆ ಕೋವಿಯನ್ನು ಒಳಗಿಟ್ಟು, ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಹೊರತೆಗೆದು ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುವ ಊರಿನವನಿಗೆ ಆಯುಧವಿದ್ದೂ ಮುಟ್ಟದಿರುವ ಶಿಸ್ತು ತೀರ ಹೊಸದೇನಲ್ಲ ಎಂದು ಭಾವನ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಮೊದಲ ವಾರ ಮೂವತ್ತು ಸಲ ಸತ್ತ ಮೇಲೆ ಆ ಜಂಬ ಇಳಿಯಿತು.

ಹಳೆಯ ಆಟದ ಚಾಕುವಿನ ಗುಣವೇನೆಂದರೆ ಅದು ಎಂದೂ ಸವೆಯುವುದಿಲ್ಲ, ಮುರಿಯುವುದಿಲ್ಲ, ಪೆಟ್ಟಿಗೆಯಲ್ಲಿ ಜಾಗವನ್ನೂ ತಿನ್ನುವುದಿಲ್ಲ. ಅದರ ದೌರ್ಬಲ್ಯವೆಲ್ಲ ಅಳತೆಯಲ್ಲಿದೆ. ಚಾಕು ಎತ್ತಿ ಹಿಡಿದಾಗ ಆಟದ ನಾಯಕ ಲಿಯಾನ್ ಒಂದು ಹೆಜ್ಜೆಯನ್ನೂ ಇಡಲಾರ, ಆದ್ದರಿಂದ ಶತ್ರು ಎಷ್ಟು ಹತ್ತಿರ ಬಂದಾಗ ನಿಲ್ಲಬೇಕು, ಯಾವಾಗ ಮುಖಕ್ಕೆ ಬೀಸಬೇಕು, ಅವನು ತತ್ತರಿಸಿದಾಗ ಒದ್ದು ಕೆಡವಿ ನೆಲದ ಮೇಲಿದ್ದಾಗಲೇ ಎಷ್ಟು ಸಲ ಗೀರಬಹುದು ಎಂಬುದನ್ನೆಲ್ಲ ಮೈಗೂಡಿಸಿಕೊಳ್ಳಬೇಕು. ತೋಟದಲ್ಲಿ ಹೊಸ ಆಳಿಗೆ ಕಪಾತು (ಗಿಡದ ಕೊಂಬೆ ಸವರುವುದು) ಕಲಿಸುವಾಗ ಕತ್ತಿಯ ಹರಿತಕ್ಕಿಂತ ನಿಲ್ಲುವ ಜಾಗದ ಬಗ್ಗೆ ಹೆಚ್ಚು ಹೇಳುತ್ತೇವಲ್ಲ, ಇದೂ ಹಾಗೆಯೇ. ಹಾರಿ ಬರುವ ಕೊಡಲಿಯನ್ನು ಚಾಕು ಬೀಸಿ ನಡುಗಾಳಿಯಲ್ಲಿ ಹೊಡೆದುರುಳಿಸಿದ ದಿನ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದೆ, ಯಾರಿಗೂ ಅರ್ಥವಾಗಲಿಲ್ಲ. ಇಷ್ಟಾದರೂ ಈ ಚಾಕುವನ್ನು ಪೂರ್ತಿ ದುರ್ಬಲವೆಂದು ಹೇಳಲಾಗದು. ದ್ವೀಪದಲ್ಲಿ ಎದುರಾಗುವ ಕ್ರೌಸರ್ ಎಂಬ ಬಲಿಷ್ಠ ಶತ್ರು ಕೋವಿಯ ಗುಂಡಿಗಿಂತ ಚಾಕುವಿಗೆ ಬೇಗ ಬೀಳುತ್ತಾನೆ, ನನಗೆ ಅವನೊಡನೆ ಎರಡು ನಿಮಿಷವೂ ಹಿಡಿಯಲಿಲ್ಲ.

ಇನ್ನು ನನ್ನನ್ನು ಹೊಸದನ್ನು ಕೊಳ್ಳುವಂತೆ ಮಾಡಿದ ತೊಡಕಿನ ವಿಷಯ. ಹಳೆಯ ಆಟದಲ್ಲಿ ಪ್ರಗತಿ ಸೇವ್ ಆಗುವುದು ಅಧ್ಯಾಯ ಮುಗಿದಾಗ ಮತ್ತು ಅಲ್ಲಲ್ಲಿ ಇಟ್ಟಿರುವ ಟೈಪ್‌ರೈಟರ್ ಮುಟ್ಟಿದಾಗ ಮಾತ್ರ. ಸತ್ತರೆ ಹತ್ತಿರದಿಂದಲೇ ಮುಂದುವರಿಯಬಹುದು, ಆದರೆ ಆಟ ಮುಚ್ಚಿಹೋದರೆ ಆ ಅನುಕೂಲವೂ ಹೋಯಿತು, ಮತ್ತೆ ಹಿಂದಿನ ಟೈಪ್‌ರೈಟರ್‌ನಿಂದಲೇ ಆರಂಭ. ಕೋವಿ ಹಿಡಿದು ಆಡುವವನಿಗೆ ಎರಡು ಟೈಪ್‌ರೈಟರ್‌ಗಳ ನಡುವೆ ಕಾಲು ಗಂಟೆಯಾದರೆ ಚಾಕು ಹಿಡಿದವನಿಗೆ ಅದೇ ದಾರಿ ಒಂದೂವರೆ ಗಂಟೆಯಾಗುತ್ತದೆ.

ಕಕ್ಕಡದ (ಮಳೆ ಜೋರಾಗಿರುವ ಆಟಿ ತಿಂಗಳ) ಒಂದು ರಾತ್ರಿ ಕೋಟೆಯ ನೀರಿನ ಹಜಾರದಲ್ಲಿದ್ದೆ. ಅಲ್ಲಿ ಲಿಯಾನ್ ಕಾಪಾಡಬೇಕಾದ ಹುಡುಗಿ ಆಶ್ಲಿ ಎತ್ತರದ ಜಾಗದಲ್ಲಿ ನಿಂತು ಎರಡು ತಿರುಗಣೆಗಳನ್ನು ತಿರುಗಿಸುವಾಗ ಲಿಯಾನ್ ದೂರದಿಂದ ಗುಂಡು ಹೊಡೆದು ಅವಳನ್ನು ಕಾಯಬೇಕೆಂಬುದು ಆಟದ ಲೆಕ್ಕಾಚಾರ. ಚಾಕುವಿಗೆ ದೂರ ಎಂಬುದೇ ಇಲ್ಲ. ಬಂದವರನ್ನು ಕೆಳಗೆ ಒಬ್ಬೊಬ್ಬರನ್ನಾಗಿ ಸೆಳೆದು, ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಬಾಗಿಲ ಕಡೆಗೆ ಓಡುವವನ ಹಿಂದೆ ಓಡಿ, ಹದಿನಾಲ್ಕನೆಯ ಪ್ರಯತ್ನದಲ್ಲಿ ಹಜಾರ ದಾಟಿದೆ. ಮುಂದಿನ ಟೈಪ್‌ರೈಟರ್ ಹುಡುಕುತ್ತಿರುವಾಗ ಕೆಳಗಿನ ರಸ್ತೆಯಲ್ಲಿ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದ ಸದ್ದು ಕೇಳಿಸಿತು, ಪರದೆ ಕಪ್ಪಾಯಿತು. ಮನೆಯಲ್ಲಿ ಇನ್ವರ್ಟರ್ ಇತ್ತು, ದೀಪಗಳು ಕ್ಷಣದಲ್ಲಿ ಹತ್ತಿಕೊಂಡವು. ಆದರೆ ಆ ಒಂದು ಕ್ಷಣವೇ ಕಂಪ್ಯೂಟರ್ ಆರಿಹೋಗಲು ಸಾಕಾಗಿತ್ತು.

ಇನ್ವರ್ಟರಿನ ಹಿಂಭಾಗದಲ್ಲಿ ಯುಪಿಎಸ್ ಎಂದು ಬರೆದ ಪುಟ್ಟ ಸ್ವಿಚ್ ಒಂದಿರುತ್ತದೆ, ಅದನ್ನು ಆ ಕಡೆ ಒತ್ತಿದರೆ ಕರೆಂಟ್ ಬದಲಾಗುವುದು ಬೇಗವಾಗಿ ಕಂಪ್ಯೂಟರ್ ಉಳಿಯುತ್ತದೆ ಎಂಬುದನ್ನು ಬ್ಯಾಟರಿಗೆ ನೀರು ತುಂಬಲು ಬಂದವರು ತಿಂಗಳಾದ ಮೇಲೆ ತಿಳಿಸಿದರು. ಮೂರು ವರ್ಷ ಆ ಸ್ವಿಚ್ಚಿನ ಮೇಲೆ ಬರೀ ಧೂಳು ಒರೆಸಿದ್ದೇನೆ. ಅದನ್ನು ಒತ್ತಿದ ಮೇಲೂ ಸಮಸ್ಯೆ ಅರ್ಧ ಮಾತ್ರ ನೀಗಿತು, ಏಕೆಂದರೆ ನಮ್ಮಲ್ಲಿ ಮಳೆಗಾಲದಲ್ಲಿ ಹೋದ ಕರೆಂಟ್ ಕೆಲವೊಮ್ಮೆ ಮೂರು ದಿನ ಬರುವುದಿಲ್ಲ, ಇನ್ವರ್ಟರಿನ ಬ್ಯಾಟರಿಯನ್ನು ದೀಪಕ್ಕೂ ಫೋನಿಗೂ ಉಳಿಸಬೇಕೇ ಹೊರತು ಲಿಯಾನ್‌ನ ಚಾಕುವಿಗಲ್ಲ ಎಂದು ಅಮ್ಮ ತೀರ್ಪು ಕೊಟ್ಟಾಗಿದೆ.

ಈ ಸಂಕಟದಲ್ಲೇ ಮರುನಿರ್ಮಾಣವನ್ನು ಕೊಂಡದ್ದು. ಅದರಲ್ಲಿ ಆಟೋಸೇವ್ (ಪ್ರಗತಿ ತಾನಾಗಿಯೇ ಸೇವ್ ಆಗುವ ವ್ಯವಸ್ಥೆ) ಇದೆ ಎಂಬುದೊಂದೇ ನನಗೆ ಸಾಕಾಗಿತ್ತು. ಡೌನ್‌ಲೋಡ್ ಆಗಲು ನಾಲ್ಕು ರಾತ್ರಿ ಬೇಕಾದವು. ಒಮ್ಮೆ ಕೋವಿ ಹಿಡಿದೇ ಮುಗಿಸಿ, ಸವಾಲು ಸವಾಲಿನಂತಿರಲಿ ಎಂದು ‘ಪ್ರೊಫೆಷನಲ್’ ಮಟ್ಟ ಆರಿಸಿದೆ. ಆ ಮಟ್ಟದಲ್ಲಿ ಆಟೋಸೇವ್ ಇರುವುದೇ ಇಲ್ಲ! ಟೈಪ್‌ರೈಟರ್ ತಪ್ಪಿಸಿಕೊಳ್ಳಲು ಕೊಟ್ಟ ಹಣದಲ್ಲಿ ಇನ್ನೊಂದು ಟೈಪ್‌ರೈಟರನ್ನೇ ಕೊಂಡಂತಾಯಿತು. ಮಟ್ಟ ಇಳಿಸಿದರೆ ಆಟೋಸೇವ್ ಸಿಗುತ್ತದೆ, ಸವಾಲಿನ ಕಾರ ಹೋಗುತ್ತದೆ.

ಚಾಕುವಿನ ವಿಷಯದಲ್ಲೂ ಹೊಸದು ಬೇರೆಯೇ ಜಾತಿ. ಇಲ್ಲಿ ನಡೆಯುತ್ತಲೇ ಬೀಸಬಹುದು, ಸರಿಯಾದ ಕ್ಷಣದಲ್ಲಿ ಅಡ್ಡ ಹಿಡಿದರೆ ಗರಗಸದವನನ್ನೂ ತಡೆಯಬಹುದು. ನೋಡಲು ಬಹಳ ಚೆಂದ. ಆದರೆ ಬೀಸಿದಷ್ಟೂ, ತಡೆದಷ್ಟೂ ಚಾಕು ಸವೆಯುತ್ತದೆ, ಮುರಿದರೆ ವ್ಯಾಪಾರಿಯ ಬಳಿ ಹಣ ಕೊಟ್ಟು ರಿಪೇರಿ ಮಾಡಿಸುವವರೆಗೆ ಕೈ ಖಾಲಿ. ಮೊದಲ ಹಳ್ಳಿಯ ಹೋರಾಟದ ಹೊತ್ತಿಗೆ ವ್ಯಾಪಾರಿಯೇ ಇನ್ನೂ ಕಾಣಿಸಿಕೊಂಡಿರುವುದಿಲ್ಲ, ಹಾಗಾಗಿ ಚರ್ಚಿನ ಗಂಟೆ ಮೊಳಗಿ ಹಳ್ಳಿಗರು ಚದುರುವವರೆಗೆ ಊರಿಡೀ ಓಡಾಡುವುದೊಂದೇ ಉಪಾಯ. ದಾರಿಯಲ್ಲಿ ಸಿಗುವ ಅಡುಗೆಮನೆಯ ಚಾಕುಗಳು ಮುರಿದರೆ ಎಸೆಯುವಂಥವು. ದುರ್ಬಲ ಆಯುಧದೊಡನೆ ಆಡುವುದು ಬೇರೆ, ಆಯುಧದ ರಿಪೇರಿ ಲೆಕ್ಕ ಬರೆಯುವುದು ಬೇರೆ. ನನಗೆ ಎರಡನೆಯದು ಹಿಡಿಸಲಿಲ್ಲ. ಆಟದ ತುಂಬ ಅಡಗಿಸಿಟ್ಟ 16 ಯಂತ್ರದ ಗೊಂಬೆಗಳನ್ನು ಒಡೆದರೆ ‘ಪ್ರೈಮಲ್’ ಚಾಕು ಸಿಗುತ್ತದೆ, ಅದನ್ನು ಪೂರ್ತಿ ಹದಗೊಳಿಸಿದರೆ ಮುರಿಯದಂತಾಗುತ್ತದೆ ಎಂಬುದು ನಿಜ, ಆದರೆ ಆ ಹೊತ್ತಿಗೆ ಅದನ್ನು ದುರ್ಬಲ ಆಯುಧವೆನ್ನಲು ನನಗೆ ನಾಚಿಕೆಯಾಗುತ್ತದೆ.

ಜೆಲ್ಡಾದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಸವಾಲಾಗಿ ಸೋತದ್ದು ಅಂಕಗಣಿತದಿಂದ. ಕೊಂಬೆಯ ಬಲ 2, ನಾಲ್ಕನೆಯ ಪೆಟ್ಟಿನಲ್ಲಿ ಮುರಿಯುತ್ತದೆ, ಮುರಿಯುವ ಪೆಟ್ಟು ಇಮ್ಮಡಿ. ಅಂದರೆ ಒಂದು ಕೊಂಬೆಯಿಂದ 10. ಸಾಮಾನ್ಯ ಶತ್ರುವಾದ ಕೆಂಪು ಬೊಕೊಬ್ಲಿನ್‌ನ ಜೀವ 13, ಅವನಿಗೆ ಎರಡು ಕೊಂಬೆ ಸಾಕು. ಬೆಳ್ಳಿ ಬಣ್ಣದವನ ಜೀವ 720, ಅವನೊಬ್ಬನಿಗೆ 72 ಕೊಂಬೆ ಬೇಕು, ಚೀಲದಲ್ಲಿ ಆರಂಭಕ್ಕೆ ಹಿಡಿಸುವುದು ಎಂಟು ಆಯುಧ. ಇದು ಸಾಹಸವಲ್ಲ, ಸೌದೆ ಸಂಗ್ರಹ. ಗುಡುಗು ಮಳೆಯಲ್ಲಿ ಲೋಹದ ಆಯುಧಕ್ಕೆ ಸಿಡಿಲು ಬಡಿಯುತ್ತದೆ, ಕೊಂಬೆಗೆ ಬಡಿಯುವುದಿಲ್ಲ ಎಂಬ ಒಂದು ಸಣ್ಣ ಸಮಾಧಾನವಿದೆ. ಆದರೆ ಅದೇ ಮಳೆಗೆ ಬಂಡೆ ಹತ್ತುವಾಗ ಕೈ ಜಾರುತ್ತದೆ, ಹೊರಗೂ ಮಳೆ ಒಳಗೂ ಮಳೆ ನೋಡುತ್ತ ಕೂರಲು ಕೊಡಗಿನವನಿಗೆ ಅಷ್ಟು ತಾಳ್ಮೆಯಿಲ್ಲ. ಕರೆಂಟಿನ ಪರೀಕ್ಷೆಯಲ್ಲಿ ಮಾತ್ರ ಇದೇ ಮೊದಲ ದರ್ಜೆ: ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ಗುಂಡಿ ಒತ್ತಿ ಮಲಗಿಸಿ ಬೆಳಿಗ್ಗೆ ಅದೇ ಜಾಗದಿಂದ ಎಬ್ಬಿಸಬಹುದು. ಭಾವನಿಗೆ ವಾಪಸು ಕೊಡುವಾಗ ಬೇಸರವಾದದ್ದು ಆ ಗುಂಡಿಗಾಗಿ.

ಕೊನೆಗೆ ನಾನು ಮಾಡಿದ್ದಿಷ್ಟು. ಹಳೆಯ ಆಟದ 2014ರ ಪಿಸಿ ಆವೃತ್ತಿಯನ್ನು ರಿಯಾಯಿತಿಯ ದಿನ ಕೆಲವೇ ನೂರು ರೂಪಾಯಿಗೆ ಕೊಂಡಿದ್ದೆ, ಅದನ್ನು ತೋಟದ ಲೆಕ್ಕ ಬರೆಯುವ ಹಳೆಯ ಲ್ಯಾಪ್‌ಟಾಪಿಗೆ ಹಾಕಿದೆ. ಹೊಸದು ಆ ಲ್ಯಾಪ್‌ಟಾಪಿನಲ್ಲಿ ತೆರೆಯುವುದೂ ಇಲ್ಲ. ಬ್ಯಾಟರಿ ಒಂದೂವರೆ ಗಂಟೆ ಬರುತ್ತದೆ, ಮರ ಬಿದ್ದ ಸದ್ದು ಕೇಳಿದ ಮೇಲೂ ಮುಂದಿನ ಟೈಪ್‌ರೈಟರ್ ಹುಡುಕಲು ಅಷ್ಟು ಹೊತ್ತು ಸಾಕು. ದೊಡ್ಡ ಪರದೆ, ಒಳ್ಳೆಯ ಚಿತ್ರ, ಸದಾ ಕರೆಂಟ್ ಇರುವ ಮನೆ ಮತ್ತು ರಿಪೇರಿಯ ತಾಳ್ಮೆ ನಿಮಗಿದ್ದರೆ ಹೊಸದನ್ನೇ ಕೊಳ್ಳಿ, ನಾನು ಬೇಡವೆನ್ನುವುದಿಲ್ಲ. ನನ್ನ ಡೆಸ್ಕ್‌ಟಾಪಿನಲ್ಲಿ ಅದು ಹಾಗೆಯೇ ಇದೆ. ಮುಂದಿನ ಬೇಸಿಗೆಯಲ್ಲಿ ಎಲ್ಲ ಕೋವಿಗಳನ್ನೂ ಹೊರತೆಗೆದು, ಬೇಕಾದಷ್ಟು ಗುಂಡು ಹಾರಿಸಿ ಆಡುವವನಿದ್ದೇನೆ.