‘1776’ ಸಂಗೀತ ಚಿತ್ರ: ಅದಲುಬದಲಾದ ಮೂರು ದಿನಗಳು

ಶೆರ್ಮನ್ ಎಡ್ವರ್ಡ್ಸ್ ಹಾಡುಗಳನ್ನೂ ಪೀಟರ್ ಸ್ಟೋನ್ ಮಾತುಗಳನ್ನೂ ಬರೆದ, ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕತೆ ಹೇಳುವ ‘1776’ ಎಂಬ ಸಂಗೀತ ನಾಟಕ 1969ರ ಮಾರ್ಚ್ ತಿಂಗಳಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂದು 1,217 ಪ್ರದರ್ಶನಗಳನ್ನು ಕಂಡಿತು. ಅದನ್ನು ರಂಗದ ಮೇಲೆ ನಿರ್ದೇಶಿಸಿದ್ದ ಪೀಟರ್ ಹಂಟ್ ಅವರೇ 1972ರಲ್ಲಿ ಅದೇ ತಂಡದ ಹಲವು ನಟರನ್ನು ಇಟ್ಟುಕೊಂಡು ಸಿನಿಮಾ ಮಾಡಿದರು. ನಾನು ಇಲ್ಲಿ ವಿಮರ್ಶಿಸುತ್ತಿರುವುದು ಆ ಸಿನಿಮಾದ ಡಿಸ್ಕ್ ಆವೃತ್ತಿಯನ್ನು. ಚಿತ್ರಮಂದಿರಗಳಲ್ಲಿ ತೋರಿಸಿದಾಗ ಕತ್ತರಿಸಿಹಾಕಿದ್ದ ಭಾಗಗಳನ್ನು ಇದರಲ್ಲಿ ಮತ್ತೆ ಸೇರಿಸಲಾಗಿದೆ. ಮೊದಲ ಸಲ ಇದನ್ನು ಸಿನಿಮಾ ಎಂದಷ್ಟೇ ನೋಡಿದೆ. ಎರಡನೆಯ ಸಲ, ಆ ಘೋಷಣೆಯನ್ನು ಹೊರಡಿಸಿದ ವಸಾಹತುಗಳ ಸಭೆಯ ದಿನದಿನದ ನಡಾವಳಿಯನ್ನೂ ಘೋಷಣೆಯ ಕರಡು ಬರೆದ ಥಾಮಸ್ ಜೆಫರ್ಸನ್ ಬರೆದಿಟ್ಟ ಟಿಪ್ಪಣಿಯನ್ನೂ ಪಕ್ಕದಲ್ಲಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಕತೆ ನಡೆಯುವುದು ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ. ಫಿಲಡೆಲ್ಫಿಯದ ಸಭಾಭವನದಲ್ಲಿ 13 ವಸಾಹತುಗಳ ಪ್ರತಿನಿಧಿಗಳು ಸೆಕೆಯಲ್ಲಿ ಬೆವರುತ್ತಾ, ಕಿಟಕಿ ತೆರೆದರೆ ನೊಣ, ಮುಚ್ಚಿದರೆ ಉಸಿರುಕಟ್ಟು ಎಂದು ಜಗಳವಾಡುತ್ತಾ, ಬ್ರಿಟಿಷ್ ದೊರೆಯಿಂದ ಬಿಡಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲಾರದೆ ಒದ್ದಾಡುತ್ತಾರೆ. ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಳೆಗಳು ಒಂದೊಂದಾಗಿ ಹರಿಯುತ್ತವೆ. ಮತಗಳ ಹಲಗೆಯ ಮೇಲೆ ಪರ, ವಿರೋಧ, ತಟಸ್ಥ ಎಂಬ ಪಟ್ಟಿಗಳು ಸರಿದಾಡುತ್ತವೆ. ಫಲಿತಾಂಶ ಲೋಕಕ್ಕೆಲ್ಲ ಗೊತ್ತಿದ್ದರೂ ಆ ಹಲಗೆಯನ್ನು ನೋಡುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನಡುವೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಒಂದೂ ಹಾಡಿಲ್ಲದೆ ಬರೀ ಚರ್ಚೆಯೇ ನಡೆಯುತ್ತದೆ, ಆದರೂ ಬೇಸರವಾಗುವುದಿಲ್ಲ. ರಾಜಕಾರಣಿಗಳು ಹಾಡುವುದೇ ಅಸಹಜವಲ್ಲವೇ ಎಂದು ಕೇಳುವವರಿಗೆ, ಸಂಗೊಳ್ಳಿ ರಾಯಣ್ಣನನ್ನು ಲಾವಣಿ, ಗೀಗಿ ಪದಗಳಲ್ಲಿ ಕೇಳಿ ಬೆಳೆದ ನಮ್ಮ ಕಡೆಯವರು ಉತ್ತರ ಹೇಳಬೇಕಾಗಿಲ್ಲ.

ಚರಿತ್ರೆಯಿಂದ ಈ ಚಿತ್ರ ಹಲವು ಕಡೆ ಸರಿದಿದೆ. ಅದನ್ನು ಅದರ ಕರ್ತೃಗಳು ಮುಚ್ಚಿಟ್ಟಿಲ್ಲ. ನಾಟಕದ ಮುದ್ರಿತ ಪಠ್ಯದ ಜೊತೆಗೇ, ಯಾವುದು ನಿಜ, ಯಾವುದು ತಮ್ಮ ಕಲ್ಪನೆ ಎಂದು ವಿವರಿಸುವ ಟಿಪ್ಪಣಿಯನ್ನು ಕೊಟ್ಟಿದ್ದಾರೆ. ಈ ಪ್ರಾಮಾಣಿಕತೆಗೆ ನಾನು ಮೊದಲೇ ಗೌರವ ಸಲ್ಲಿಸುತ್ತೇನೆ. ಜೆಫರ್ಸನ್ ಪತ್ನಿ ಮಾರ್ಥಾ ಆ ಬೇಸಿಗೆಯಲ್ಲಿ ಫಿಲಡೆಲ್ಫಿಯಕ್ಕೆ ಬರಲೇ ಇಲ್ಲ, ಅನಾರೋಗ್ಯದಿಂದ ವರ್ಜೀನಿಯದಲ್ಲೇ ಉಳಿದಿದ್ದಳು. ಚಿತ್ರದಲ್ಲಿ ಬಂದು ಹಾಡುತ್ತಾಳೆ. ಎಲ್ಲರೂ ಜುಲೈ 4ರಂದೇ ಸಾಲಾಗಿ ಬಂದು ಘೋಷಣೆಗೆ ಸಹಿ ಹಾಕುತ್ತಾರೆ. ನಿಜದಲ್ಲಿ ಬಹುತೇಕ ಸಹಿಗಳು ಬಿದ್ದದ್ದು ಆಗಸ್ಟ್ 2ರಂದು. ಡೆಲವೇರಿನ ಸೀಸರ್ ರಾಡ್ನಿ ಆಗ 47 ವರ್ಷದವನು, ಮುಖದ ಕ್ಯಾನ್ಸರ್ ಇದ್ದರೂ ರಾತ್ರಿಯಿಡೀ ಕುದುರೆ ಓಡಿಸಿಕೊಂಡು ಮತ ಹಾಕಲು ಬಂದ ಗಟ್ಟಿಗ. ಚಿತ್ರದಲ್ಲಿ ಅವನನ್ನು ಸಾವಿನಂಚಿನ ಮುದುಕನನ್ನಾಗಿ ಮಾಡಿದ್ದಾರೆ. ಸ್ವಾತಂತ್ರ್ಯಕ್ಕಾಗಿ ಪಟ್ಟುಹಿಡಿದ, ನ್ಯೂ ಇಂಗ್ಲೆಂಡಿನ ಮ್ಯಾಸಚೂಸೆಟ್ಸ್ ಪ್ರತಿನಿಧಿ ಜಾನ್ ಆಡಮ್ಸ್‌ನನ್ನು ಯಾರಿಗೂ ಬೇಡವಾದ ಕಿರಿಕಿರಿಯ ಮನುಷ್ಯನಾಗಿ ತೋರಿಸಿರುವುದಕ್ಕೆ ಆಧಾರ, ಅವನೇ 46 ವರ್ಷ ಕಳೆದ ಮೇಲೆ, 1822ರಲ್ಲಿ, ಬರೆದ ಒಂದು ಪತ್ರ. ಮುಪ್ಪಿನ ಕಹಿ ನೆನಪನ್ನು ಆ ಕಾಲದ ಸಾಕ್ಷ್ಯವೆಂದು ತೆಗೆದುಕೊಳ್ಳುವುದು ಸರಿಯಲ್ಲ. ಆದರೂ ವಿಲಿಯಂ ಡೇನಿಯಲ್ಸ್ ಆ ಪಾತ್ರವನ್ನು ಎಷ್ಟು ತನ್ಮಯತೆಯಿಂದ ಮಾಡಿದ್ದಾರೆಂದರೆ, ಅವರ ಮುಖವಿಲ್ಲದೆ ಆಡಮ್ಸ್‌ನನ್ನು ನೆನೆಯುವುದೇ ನನಗೆ ಈಗ ಕಷ್ಟ. ಇವು ಯಾವುವೂ ನನ್ನನ್ನು ನೋಯಿಸಲಿಲ್ಲ. ಎರಡೂಮುಕ್ಕಾಲು ಗಂಟೆಯ ಹತ್ತಿರದ ಸಿನಿಮಾದಲ್ಲಿ 50ಕ್ಕೂ ಹೆಚ್ಚು ಮಂದಿ ಪ್ರತಿನಿಧಿಗಳನ್ನೂ ತಿಂಗಳುಗಳ ಚರ್ಚೆಯನ್ನೂ ತುಂಬಲು ಹೊರಟವರು ಕತ್ತರಿಸಲೇಬೇಕು, ಜೋಡಿಸಲೇಬೇಕು.

ನನ್ನನ್ನು ಕಾಡಿದ ಬದಲಾವಣೆ ಬೇರೆ. ಜೆಫರ್ಸನ್ ಟಿಪ್ಪಣಿಯ ಪ್ರಕಾರ ಜುಲೈ 1ರಂದು ಮತಗಳನ್ನು ಎಣಿಸಿ ನೋಡಿದಾಗ ಒಂಬತ್ತು ವಸಾಹತುಗಳು ಸ್ವಾತಂತ್ರ್ಯದ ಪರವಾಗಿದ್ದವು; ಪೆನ್ಸಿಲ್ವೇನಿಯ, ಸೌತ್ ಕ್ಯಾರೊಲಿನ ವಿರೋಧವಾಗಿದ್ದವು; ಡೆಲವೇರಿನ ಪ್ರತಿನಿಧಿಗಳು ಎರಡಾಗಿ ಒಡೆದಿದ್ದರು; ನ್ಯೂಯಾರ್ಕ್ ತಟಸ್ಥವಾಗಿತ್ತು. ಮರುದಿನ, ಜುಲೈ 2ರಂದು, ನ್ಯೂಯಾರ್ಕ್ ಒಂದನ್ನು ಬಿಟ್ಟು ಉಳಿದ ಹನ್ನೆರಡೂ ಒಪ್ಪಿದವು. ಸ್ವಾತಂತ್ರ್ಯದ ನಿರ್ಣಯ ಅಲ್ಲಿಗೆ ಮುಗಿಯಿತು. ಜೆಫರ್ಸನ್ ಬರೆದ ಘೋಷಣೆಯ ಕರಡನ್ನು ಸಾಲುಸಾಲಾಗಿ ತಿದ್ದುವ ಕೆಲಸ ಶುರುವಾದದ್ದು ಅದಾದ ಮೇಲೆ, ಮತ್ತು ಗುಲಾಮರ ವ್ಯಾಪಾರವನ್ನು ಖಂಡಿಸುವ ಕಲಮನ್ನು ಕಿತ್ತುಹಾಕಿದ್ದು ಆ ತಿದ್ದುವ ಹೊತ್ತಿನಲ್ಲಿ. ಚಿತ್ರ ಈ ಕ್ರಮವನ್ನು ತಿರುವುಮುರುವು ಮಾಡುತ್ತದೆ: ಮೊದಲು ಕರಡಿನ ಚರ್ಚೆ, ಆಮೇಲೆ ಮತ. ಜೊತೆಗೆ, ಒಬ್ಬರೂ ವಿರೋಧಿಸದಿದ್ದರೆ ಮಾತ್ರ ಸ್ವಾತಂತ್ರ್ಯ ಎಂಬ, ಚರಿತ್ರೆಯಲ್ಲಿ ಇಲ್ಲದ ನಿಯಮವೊಂದನ್ನೂ ಹೇರುತ್ತದೆ. ಹೀಗಾಗಿ ಸೌತ್ ಕ್ಯಾರೊಲಿನದ ಎಡ್ವರ್ಡ್ ರಟ್ಲೆಜ್ ದಕ್ಷಿಣದವರನ್ನು ಕರೆದುಕೊಂಡು ಸಭೆಯಿಂದ ಎದ್ದುಹೋದಾಗ, ಆ ಕಲಮನ್ನು ಬಿಟ್ಟುಕೊಡುವುದು ಇಲ್ಲವೇ ದೇಶವನ್ನೇ ಬಿಟ್ಟುಕೊಡುವುದು ಎಂಬ ಇಕ್ಕಟ್ಟು ಹುಟ್ಟುತ್ತದೆ.

ರಂಗತಂತ್ರವಾಗಿ ಇದು ಅದ್ಭುತ ಎಂಬುದನ್ನು ಒಪ್ಪುತ್ತೇನೆ. ಆದರೆ ಇದರಿಂದ ಆ ಮನುಷ್ಯರಿಗೆ, ನಿಜದಲ್ಲಿ ಅವರಿಗೆ ಇಲ್ಲದಿದ್ದ ಒಂದು ದೊಡ್ಡ ಸಬೂಬು ಸಿಕ್ಕಂತಾಗಿದೆ. ಸ್ವಾತಂತ್ರ್ಯಕ್ಕೆ ಮತ ಬಿದ್ದಾದ ಮೇಲೂ ಅವರು ಆ ಕಲಮನ್ನು ಕೈಬಿಟ್ಟರು. ಸೌತ್ ಕ್ಯಾರೊಲಿನ ಮತ್ತು ಜಾರ್ಜಿಯಗಳ ಮನಸ್ಸು ನೋಯಿಸಬಾರದೆಂದು, ಮತ್ತು ಗುಲಾಮರನ್ನು ಸಾಗಿಸಿದ ಉತ್ತರದವರಿಗೂ ಅದು ಚುಚ್ಚಿದ್ದರಿಂದ ಕೈಬಿಡಲಾಯಿತು ಎಂದು ಜೆಫರ್ಸನ್ ತಾನೇ ಬರೆದಿದ್ದಾನೆ. ಇನ್ನು, ಚಿತ್ರ ಖಳನಂತೆ ಕಡೆದ ರಟ್ಲೆಜ್, ಅದೇ ಟಿಪ್ಪಣಿಯ ಪ್ರಕಾರ, ಮತವನ್ನು ಒಂದು ದಿನ ಮುಂದೂಡಿ, ಒಮ್ಮತಕ್ಕಾಗಿ ನಮ್ಮವರೂ ಕೂಡಿಕೊಂಡಾರು ಎಂದು ಕೇಳಿಕೊಂಡವನು. ಆಗ ಅವನಿಗೆ ಕೇವಲ 26 ವರ್ಷ.

ರಟ್ಲೆಜ್ ಪಾತ್ರದಲ್ಲಿ ಜಾನ್ ಕಲಂ ಹಾಡುವ ‘ಮೊಲಾಸಸ್ ಟು ರಮ್’ ಮಾತ್ರ ಚರಿತ್ರೆಯ ಪುಸ್ತಕಗಳಿಗಿಂತ ಖಂಡಿತವಾದ ಸತ್ಯವನ್ನು ಹೇಳುತ್ತದೆ. ಕಾಕಂಬಿಯಿಂದ ರಮ್, ರಮ್ಮಿನಿಂದ ಗುಲಾಮರು, ಗುಲಾಮರ ದುಡಿಮೆಯಿಂದ ಮತ್ತೆ ಕಾಕಂಬಿ ಎಂಬ ಚಕ್ರದಲ್ಲಿ ನ್ಯೂ ಇಂಗ್ಲೆಂಡಿನ ಹಡಗುಗಳೂ ತಿರುಗುತ್ತಿದ್ದವು ಎಂಬುದನ್ನು ಆಡಮ್ಸ್‌ನ ಮುಖಕ್ಕೆ ಹಿಡಿಯುವ ಹಾಡು ಇದು. ಹಾಡು ಸಾಗುತ್ತಾ ಕಲಂ ಹರಾಜು ಕೂಗುವವನಾಗಿ ಬದಲಾಗುತ್ತಾರೆ. ಸಭೆ ಗುಲಾಮರ ಸಂತೆಯಾಗುತ್ತದೆ. ಈ ಐದಾರು ನಿಮಿಷಗಳನ್ನು ನಾನು ಮತ್ತೆ ಮತ್ತೆ ಹಿಂದಕ್ಕೆ ಹಾಕಿ ನೋಡಿದ್ದೇನೆ.

ಅದೇ ಚರ್ಚೆಯಲ್ಲಿ ಬರುವ ಇನ್ನೊಂದು ಮಾತನ್ನು ಮಾತ್ರ ನಾನು ಕ್ಷಮಿಸಲಾರೆ. ನೀನೂ ಗುಲಾಮರ ಒಡೆಯನಲ್ಲವೇ ಎಂದು ರಟ್ಲೆಜ್ ಕೇಳಿದಾಗ, ಅವರನ್ನು ಬಿಡುಗಡೆ ಮಾಡಲು ಈಗಾಗಲೇ ನಿರ್ಧರಿಸಿದ್ದೇನೆ ಎಂದು ಚಿತ್ರದ ಜೆಫರ್ಸನ್ ಹೇಳುತ್ತಾನೆ. ನಿಜವಾದ ಜೆಫರ್ಸನ್ ತನ್ನ ಬದುಕಿನಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ. ಬದುಕಿದ್ದಾಗ ಇಬ್ಬರನ್ನು, ಉಯಿಲಿನ ಮೂಲಕ ಐವರನ್ನು ಮಾತ್ರ ಬಿಡುಗಡೆ ಮಾಡಿದ. ಅದೇ ಸಭೆಯಲ್ಲಿದ್ದು ಸ್ವಾತಂತ್ರ್ಯವನ್ನು ವಿರೋಧಿಸಿದ, ಚಿತ್ರದಲ್ಲಿ ಆಸ್ತಿವಂತರ ಮುಖಂಡನಾಗಿ ನಮ್ಮ ಸಿಟ್ಟಿಗೆ ಗುರಿಯಾಗುವ ಜಾನ್ ಡಿಕಿನ್‌ಸನ್, 1777ರಲ್ಲಿ ಷರತ್ತಿನ ಮೇಲೂ 1786ರ ಹೊತ್ತಿಗೆ ಯಾವ ಷರತ್ತೂ ಇಲ್ಲದೆಯೂ ತನ್ನ ಗುಲಾಮರನ್ನು ಬಿಡುಗಡೆ ಮಾಡಿದ. ಮಾಡಿದವನ ಪುಣ್ಯವನ್ನು ಮಾಡದವನ ಬಾಯಲ್ಲಿ ಇಡುವುದು ನಾಟಕದ ಸ್ವಾತಂತ್ರ್ಯವಲ್ಲ, ಅನ್ಯಾಯ. ಪೆನ್ಸಿಲ್ವೇನಿಯದ ಜೇಮ್ಸ್ ವಿಲ್ಸನ್‌ಗೂ ಇಂಥದೇ ಅನ್ಯಾಯವಾಗಿದೆ: ಸ್ವಾತಂತ್ರ್ಯದ ಪರವಾಗಿಯೇ ಮತ ಹಾಕಿದ, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ನ್ಯಾಯಮೂರ್ತಿಗಳಲ್ಲಿ ಒಬ್ಬನಾದ ಕಾನೂನುಪಂಡಿತನನ್ನು, ಚರಿತ್ರೆಯಲ್ಲಿ ಕೆಟ್ಟ ಹೆಸರು ಬಂದೀತೆಂಬ ಒಂದೇ ಹೆದರಿಕೆಗೆ ಕೊನೆ ಗಳಿಗೆಯಲ್ಲಿ ಮತ ಬದಲಿಸುವ ಪುಕ್ಕಲನನ್ನಾಗಿ ಚಿತ್ರಿಸಿದ್ದಾರೆ. ಅದೇ ಪೆನ್ಸಿಲ್ವೇನಿಯದ ಡಿಕಿನ್‌ಸನ್ ಮತ್ತು ರಾಬರ್ಟ್ ಮಾರಿಸ್ ಜುಲೈ 2ರಂದು ತಾವಾಗಿಯೇ ಹೊರಗುಳಿದದ್ದರಿಂದ ಅಲ್ಲಿನ ಪ್ರತಿನಿಧಿಗಳ ಮತ 3-2 ಆಗಿ ಸ್ವಾತಂತ್ರ್ಯದ ಪರ ತಿರುಗಿತು. ವಿರೋಧಿಸುವವನು ಮೌನವಾಗಿ ದಾರಿ ಬಿಟ್ಟುಕೊಟ್ಟ ಈ ನಿಜಸಂಗತಿಯಲ್ಲೇ ಎಂಥ ನಾಟಕವಿತ್ತು!

ಡಿಸ್ಕಿನ ವಿಷಯಕ್ಕೆ ಬಂದರೆ, ಕೊಳ್ಳುವವರು ಆವೃತ್ತಿಯನ್ನು ನೋಡಿ ಕೊಳ್ಳಬೇಕು. ಡಿಕಿನ್‌ಸನ್ ಬಣದವರು ಮಿನ್ಯುಯೆಟ್ ಕುಣಿತದ ಹೆಜ್ಜೆ ಹಾಕುತ್ತಾ, ನಾವು ಸದಾ ಬಲಕ್ಕೇ ನಡೆಯುವವರು ಎಂದು ಹಾಡುವ ದೃಶ್ಯ ಚಿತ್ರಮಂದಿರದ ಆವೃತ್ತಿಯಲ್ಲಿ ಇರಲಿಲ್ಲ. 1970ರಲ್ಲಿ ಶ್ವೇತಭವನದಲ್ಲಿ ನಾಟಕವನ್ನು ನೋಡಿದ್ದ ಅಧ್ಯಕ್ಷ ನಿಕ್ಸನ್ ಅವರ ಕೋರಿಕೆಯಂತೆ ನಿರ್ಮಾಪಕ ಜಾಕ್ ವಾರ್ನರ್ ಅದನ್ನು ತೆಗೆಸಿದ್ದರು. ನೆಗೆಟಿವ್ ಉಳಿದುಕೊಂಡಿದ್ದರಿಂದ ದಶಕಗಳ ನಂತರ ಅದು ತನ್ನ ಜಾಗಕ್ಕೆ ಮರಳಿದೆ. ಆ ಹಾಡು ಡಿಕಿನ್‌ಸನ್‌ಗೆ ನ್ಯಾಯ ಮಾಡುವುದಿಲ್ಲ, 1776ರಲ್ಲಿ ಎಡಬಲಗಳಿಗೆ ಇಂದಿನ ರಾಜಕೀಯ ಅರ್ಥವೂ ಇರಲಿಲ್ಲ. ಹಾಗಿದ್ದರೂ ಅದಿಲ್ಲದ ಚಿತ್ರ ಅರ್ಧ ಮುರಿದಂತೆ ಕಾಣುತ್ತದೆ. ಹಂಟ್ ಮತ್ತು ಸ್ಟೋನ್ ಇಬ್ಬರೂ ಚಿತ್ರದುದ್ದಕ್ಕೂ ಮಾತನಾಡುವ ಧ್ವನಿ ವ್ಯಾಖ್ಯಾನವಿರುವ 2002ರ ಡಿವಿಡಿ ಸಿಕ್ಕರೆ ಬಿಡಬೇಡಿ. ಮಾತುಗಳು ವೇಗವಾಗಿ, ಹಳೆಯ ಶೈಲಿಯ ಇಂಗ್ಲಿಷಿನಲ್ಲಿ ಬರುವುದರಿಂದ ಉಪಶೀರ್ಷಿಕೆ ಹಾಕಿಕೊಂಡು ನೋಡುವುದು ಒಳ್ಳೆಯದು.

ಹೈಸ್ಕೂಲು, ಕಾಲೇಜಿನ ಮಕ್ಕಳಿಗೆ ಇದನ್ನು ತೋರಿಸುವ ಶಿಕ್ಷಕರಿಗೆ ನನ್ನದೊಂದು ಬಿನ್ನಹವಿದೆ: ರಟ್ಲೆಜ್ ಎದ್ದುಹೋಗುವ ದೃಶ್ಯದಲ್ಲಿ ಚಿತ್ರವನ್ನು ನಿಲ್ಲಿಸಿ, ಜುಲೈ 1, 2 ಮತ್ತು 4ರಂದು ನಡೆದದ್ದನ್ನು ಕಪ್ಪುಹಲಗೆಯ ಮೇಲೆ ಕ್ರಮವಾಗಿ ಬರೆದು ತೋರಿಸಿ, ಆಮೇಲೆ ಮುಂದುವರಿಸಿ. ಕೊನೆಯಲ್ಲಿ ಗಂಟೆ ಬಾರಿಸುತ್ತಿರುವಾಗ ಒಬ್ಬೊಬ್ಬರ ಹೆಸರು ಕರೆದು ಸಹಿ ಹಾಕಿಸುವ ದೃಶ್ಯ ಆಗಲೂ ಮಕ್ಕಳ ಮೈ ನವಿರೇಳಿಸುತ್ತದೆ. ಆದರೆ ಮೇಜಿನತ್ತ ನಡೆದುಬರುವ ಜೆಫರ್ಸನ್‌ನನ್ನು ಅವರು ನೋಡುವ ಕಣ್ಣು ಬೇರೆಯಾಗಿರುತ್ತದೆ.