ಅಜ್ಜನ ಹೊಲದ ಪರಿಹಾರ ಬಿಡಿಸಿಕೊಡ್ತೀನಿ ಅಂತ ಬರುವವರಿಗೆ ಸಹಿ ಮಾಡಿದ ಚೆಕ್ ಕೊಡಬೇಡಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು ಕಡೆಯವರು, ಅದರಲ್ಲೂ ಅಜ್ಜನ ಕಾಲದಲ್ಲಿ ಕಾಲುವೆಗೋ ಹೆದ್ದಾರಿಗೋ ಹೊಲ ಹೋದವರು, ಇದನ್ನು ದಯವಿಟ್ಟು ಪೂರ್ತಿ ಓದಿ. ಮನೆಯ ಹಿರಿಯರಿಗೂ ಓದಿ ಹೇಳಿ. ಹಳೇ ಪರಿಹಾರದ ರೊಕ್ಕ ಬಿಡಿಸಿಕೊಡ್ತೀನಿ ಅನ್ನುವ ಏಜೆಂಟರು ಹುಡುಕಿಕೊಂಡು ಬರುವುದು ಹಿರಿಯರನ್ನೇ, ಅದೂ ಮಕ್ಕಳು ಊರಲ್ಲಿ ಇಲ್ಲದಾಗ.

ನಮ್ಮ ಸೋದರಮಾವ ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿದ್ದಾರೆ. ನಾನಿರುವುದು ಹುಬ್ಬಳ್ಳಿಯಲ್ಲಿ. ಅಜ್ಜನ ಹೊಲದ ಒಂದು ತುಂಡು ಬಹಳ ಹಿಂದೆ ಕಾಲುವೆಗೆ ಹೋಗಿತ್ತು. ಆಗ ಅಜ್ಜನಿಗೂ ದಾಯಾದಿಗಳಿಗೂ ಹಿಸ್ಸೆ ತಕರಾರು ನಡೆದಿತ್ತು. ಹೀಗೆ ತಕರಾರು ಇದ್ದಾಗ ಪರಿಹಾರದ ಹಣವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ಸಿವಿಲ್ ಕೋರ್ಟಿನಲ್ಲಿ ಠೇವಣಿ ಇಡುತ್ತಿದ್ದರು. 1894ರ ಹಳೇ ಭೂಸ್ವಾಧೀನ ಕಾಯ್ದೆಯಲ್ಲಿ ಇದ್ದ ಪದ್ಧತಿ ಅದು. ಆಮೇಲೆ ತಕರಾರು ರಾಜಿಯಾಯಿತು, ಅಜ್ಜ ತೀರಿಕೊಂಡರು, ರೊಕ್ಕದ ವಿಷಯ ಎಲ್ಲರಿಗೂ ಮರೆತೇ ಹೋಯಿತು. ನಮ್ಮ ಭಾಗದಲ್ಲಿ ಇಂಥ ಮನೆಗಳು ಎಷ್ಟೋ ಇವೆ. ಹಾವೇರಿ ಜಿಲ್ಲೆಯಲ್ಲಿ ತುಂಗಾ ಮೇಲ್ದಂಡೆ ಕಾಲುವೆಗೆ, ಮುಂಡರಗಿ ಕಡೆ ಸಿಂಗಟಾಲೂರು ಏತ ನೀರಾವರಿಗೆ ಜಮೀನು ಕೊಟ್ಟವರಿದ್ದಾರೆ. ಪುಣೆ-ಬೆಂಗಳೂರು ಹೆದ್ದಾರಿಗೆ ಕೊಟ್ಟವರಂತೂ ಧಾರವಾಡದಿಂದ ರಾಣೆಬೆನ್ನೂರುವರೆಗೂ ಸಿಗುತ್ತಾರೆ.

ಏಜೆಂಟ್ ಮಾವನ ಹತ್ತಿರ ಬಂದಾಗ ಅವನ ಕೈಯಲ್ಲಿ ಅವಾರ್ಡ್ (ಯಾರ ಹೊಲಕ್ಕೆ ಎಷ್ಟು ಪರಿಹಾರ ಅನ್ನುವ ಭೂಸ್ವಾಧೀನಾಧಿಕಾರಿಯ ಆದೇಶ) ಪ್ರತಿಯ ಜೆರಾಕ್ಸ್ ಇತ್ತು. ಅಜ್ಜನ ಹೆಸರು, ಸರ್ವೆ ನಂಬರ್, ಎಕರೆ-ಗುಂಟೆ ಎಲ್ಲ ಸರಿಯಾಗಿತ್ತು. ಮಾವ ನಂಬಿದ್ದೇ ಆ ಕಾಗದ ನೋಡಿ. ಆದರೆ ಅದರಲ್ಲಿ ಗುಟ್ಟು ಏನೂ ಇಲ್ಲ. ಭೂಸ್ವಾಧೀನದ ಅಧಿಸೂಚನೆ ರಾಜ್ಯಪತ್ರದಲ್ಲೇ ಪ್ರಕಟವಾಗಿರುತ್ತದೆ, ಅದರಲ್ಲಿ ಸರ್ವೆ ನಂಬರ್, ಖಾತೇದಾರರ ಹೆಸರು ಇರುತ್ತವೆ. ಅವಾರ್ಡ್ ಪ್ರತಿಯನ್ನು ಹಕ್ಕುದಾರರು ಅರ್ಜಿ ಕೊಟ್ಟು ತೆಗೆಸಬಹುದು. ನಮ್ಮದೇ ಮನೆಯ ಕಾಗದವನ್ನು ನಮಗೇ ತೋರಿಸಿ ಅವನು ವಿಶ್ವಾಸ ಗಿಟ್ಟಿಸಿದ.

"ಕಾಕಾರ, ಮಾರ್ಚ್ ಮುಗಿದ್ರ ರೊಕ್ಕ ಸರಕಾರಕ್ಕ ಹೊಕ್ಕೈತ್ರಿ. ಆಮ್ಯಾಲೆ ಯಾರ ಕೈಯಾಗೂ ಇಲ್ಲ" ಅಂದನಂತೆ. ಇದು ಅರ್ಧ ನಿಜ. ಅರ್ಧ ನಿಜ ಆಗಿದ್ದಕ್ಕೇ ಜಾಸ್ತಿ ಅಪಾಯ. ಬಹಳ ವರ್ಷ ಯಾರೂ ಕೇಳದ ಠೇವಣಿಯನ್ನು ಸರ್ಕಾರದ ಲೆಕ್ಕಕ್ಕೆ ಜಮಾ ಮಾಡುವ ಪದ್ಧತಿ ಇದೆ. ಆದರೆ ಜಮಾ ಆದ ಮೇಲೂ ಹಕ್ಕುದಾರರು ದಾಖಲೆ ಕೊಟ್ಟು ಕೇಳಿದರೆ ಅದು ವಾಪಸ್ ಬರುತ್ತದೆ. ಒಂದು ಮಂಜೂರಾತಿ ಹೆಚ್ಚಿಗೆ ಬೇಕಾಗುತ್ತದೆ, ಅಷ್ಟೇ. ಇವತ್ತೇ ಸಹಿ ಮಾಡದಿದ್ದರೆ ಹೋಯಿತು ಅನ್ನುವಂಥದ್ದು ಏನೂ ಅಲ್ಲ.

ಮೊದಲು 'ಫೈಲ್ ಖರ್ಚು' ಅಂತ 15 ಸಾವಿರ ತೆಗೆದುಕೊಂಡ. ಆಮೇಲೆ 'ಟಿಡಿಎಸ್ ಮುಂಚೆ ಕಟ್ಟಬೇಕು' ಅಂತ ಇನ್ನೂ 22 ಸಾವಿರ, ಎರಡೂ ನಗದು. ಟಿಡಿಎಸ್ ಅಂದರೆ ಹಣ ಕೊಡುವವರೇ ಕೊಡುವಾಗ ಹಿಡಿದುಕೊಳ್ಳುವ ತೆರಿಗೆ. ಅದನ್ನು ಮುಂಗಡವಾಗಿ ಕಟ್ಟು ಅಂತ ಯಾವ ಸರ್ಕಾರಿ ಕಚೇರಿಯೂ ಕೇಳುವುದಿಲ್ಲ. ಬಂದ ಹಣದಲ್ಲಿ ನೂರಕ್ಕೆ 30 ಕಮಿಷನ್ ಅಂತ ಬಾಂಡ್ ಪೇಪರ್ ಬರೆಸಿಕೊಂಡ. ಮುಖತ್ಯಾರ ಪತ್ರಕ್ಕೆ (ಪವರ್ ಆಫ್ ಅಟಾರ್ನಿ) ಸಹಿ ಹಾಕಿಸಿಕೊಂಡ. ಮೊತ್ತ ಬರೆಯದೆ ಸಹಿ ಮಾತ್ರ ಇದ್ದ ಎರಡು ಚೆಕ್ಕನ್ನೂ ಒಯ್ದ.

ಇನ್ನು ಇದೆಲ್ಲಕ್ಕಿಂತ ದೊಡ್ಡ ಅನ್ಯಾಯಕ್ಕೆ ಬರುತ್ತೇನೆ. ಅಜ್ಜನಿಗೆ ಮೂವರು ಮಕ್ಕಳು: ಮಾವ, ನಮ್ಮ ಅವ್ವ, ಗದಗಿನಲ್ಲಿರುವ ಚಿಗವ್ವ. "ಹೆಣ್ಮಕ್ಕಳ ಹೆಸರು ಹಾಕಿದ್ರ ಫೈಲ್ ಮುಂದಕ್ಕ ಹೋಗಂಗಿಲ್ಲ" ಅಂತ ಏಜೆಂಟ್ ಮಾವನಿಗೆ ತಿಳಿಸಿದ. ಕೋರ್ಟಿಗೆ ಕೊಟ್ಟ ವಂಶವೃಕ್ಷದಲ್ಲೂ ಅಫಿಡವಿಟ್‌ನಲ್ಲೂ ಅಜ್ಜನಿಗೆ ಒಬ್ಬನೇ ಮಗ ಅಂತ ಬರೆಸಿದ. ಮಾವನಿಗೆ ಓದಲು ಬರುವುದು ಕಡಿಮೆ. ಏನು ಬರೆದಿದೆ ಅಂತ ಅವರಿಗೆ ಓದಿ ಹೇಳಿದವರು ಯಾರೂ ಇರಲಿಲ್ಲ.

ಕಾನೂನು ಇಲ್ಲಿ ಸ್ಪಷ್ಟ ಇದೆ. ಅಪ್ಪನ ಸ್ವಂತ ಗಳಿಕೆಯ ಆಸ್ತಿಯಲ್ಲಿ, ಅವನು ಉಯಿಲು ಬರೆಯದೆ ತೀರಿಕೊಂಡರೆ, ಮಗಳಿಗೂ ಮಗನಷ್ಟೇ ಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿ ಮಗಳಿಗೆ ಮಗನ ಸಮನಾದ ಹಕ್ಕು ಕೊಟ್ಟಿತು. ಮದುವೆಯಾಗಿ ಬೇರೆ ಊರಿಗೆ ಹೋದರೂ ಹಕ್ಕು ಹೋಗುವುದಿಲ್ಲ. ಹೊಲಕ್ಕೆ ಇರುವ ಹಕ್ಕೇ ಹೊಲದ ಬದಲು ಬಂದ ಪರಿಹಾರಕ್ಕೂ ಇರುತ್ತದೆ.

ಹಣ ಬಂತು. 6 ಲಕ್ಷದ ಮೇಲೆ ಮಾವನ ಖಾತೆಗೆ ಜಮಾ ಆಯಿತು. ಆ ಬೆನ್ನಿಗೇ ಏಜೆಂಟ್ ಒಂದು ಚೆಕ್ ಹಾಕಿ ಎರಡೂವರೆ ಲಕ್ಷ ಎತ್ತಿಕೊಂಡ. ನೂರಕ್ಕೆ 30 ಅಂದಿದ್ದವನು 40ರ ಹತ್ತಿರ ಒಯ್ದ. ಕೇಳಿದರೆ "ಬೇರೆಯವರಿಗೂ ಕೊಡೋದಿತ್ತು" ಅಂದ. ಇನ್ನೊಂದು ಚೆಕ್ ಇವತ್ತಿಗೂ ಅವನ ಹತ್ತಿರವೇ ಇದೆ. ಜಾಸ್ತಿ ಮಾತಾಡಿದರೆ ಅದನ್ನು ಬೌನ್ಸ್ ಮಾಡಿಸಿ 138ರ ಕೇಸು (ಚೆಕ್ ಬೌನ್ಸ್ ಆದರೆ ಹಾಕುವ ಕ್ರಿಮಿನಲ್ ಕೇಸು) ಹಾಕ್ತೀನಿ ಅಂತ ಹೆದರಿಸುತ್ತಿದ್ದಾನೆ.

ವಿಷಯ ಚಿಗವ್ವನ ಕಿವಿಗೆ ಬಿತ್ತು. ಅವರು ತಮ್ಮ ಪಾಲು ಕೇಳಿ ಕೋರ್ಟಿಗೆ ಹೋದರು. ಅವರು ಮಾಡಿದ್ದು ಸರಿ, ನಮ್ಮ ಅವ್ವನೂ ಅವರ ಜೊತೆಗೇ ಇದ್ದಾಳೆ. ಆದರೆ ಲೆಕ್ಕ ಹಾಕಿ ನೋಡಿ. ಕೋರ್ಟಿನ ಕಡತದಲ್ಲಿ ಪೂರ್ತಿ ಹಣ ಪಡೆದವರು ಮಾವ. ತಂಗಿಯರ ಪಾಲು ಕೊಡಬೇಕಾದವರೂ ಮಾವನೇ. ಏಜೆಂಟ್ ಒಯ್ದ ಎರಡೂವರೆ ಲಕ್ಷ ಆ ಲೆಕ್ಕದಲ್ಲಿ ಕಳೆಯುವುದಿಲ್ಲ. ಸುಳ್ಳು ಅಫಿಡವಿಟ್ ಕೊಟ್ಟ ಆರೋಪವೂ ಅವರ ತಲೆಯ ಮೇಲೇ ಬರುತ್ತದೆ. ಏಜೆಂಟಿನ ಹೆಸರು ಯಾವ ಕಾಗದದಲ್ಲೂ ತಪ್ಪಿತಸ್ಥ ಅಂತ ಇಲ್ಲ. ಠಾಣೆಗೆ ದೂರು ಕೊಟ್ಟರೆ ಅವನು ಬಾಂಡ್ ಪೇಪರ್ ತೋರಿಸಿ "ಇದು ವ್ಯವಹಾರ, ಒಪ್ಪಿಯೇ ಸಹಿ ಮಾಡ್ಯಾರ" ಅಂತಾನೆ. ನಾಗರಪಂಚಮಿಗೆ ತಪ್ಪದೇ ತವರಿಗೆ ಹೋಗುತ್ತಿದ್ದ ಇಬ್ಬರು ಅಕ್ಕತಂಗಿಯರು ಈ ಸಲ ಹೋಗಲಿಲ್ಲ. ನನಗೆ ರೊಕ್ಕಕ್ಕಿಂತ ಜಾಸ್ತಿ ಸಂಕಟ ಆಗಿದ್ದು ಅದಕ್ಕೆ.

ಇದನ್ನೆಲ್ಲ ನೇರವಾಗಿ ಹೇಗೆ ಮಾಡಬಹುದಿತ್ತು ಅಂತ ಹುಬ್ಬಳ್ಳಿಯಲ್ಲಿ ವಕೀಲರನ್ನು ಕೇಳಿ ತಿಳಿದುಕೊಂಡೆ. ಅಂಥ ಕಷ್ಟ ಏನಿಲ್ಲ.

ಮೊದಲು ಹಳೇ ಉತಾರ (ಪಹಣಿ) ತೆಗೆಸಿ. ಈಗಿನದು ಭೂಮಿ ಜಾಲತಾಣದಲ್ಲೇ ಸಿಗುತ್ತದೆ, ಕೈಬರಹದ್ದಕ್ಕೆ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು. ಎಷ್ಟು ಗುಂಟೆ, ಯಾವಾಗ, ಯಾವ ಕೆಲಸಕ್ಕೆ ಹೋಯಿತು ಅನ್ನುವುದು ಅಲ್ಲಿಂದ ಗೊತ್ತಾಗುತ್ತದೆ. ಆಮೇಲೆ ಆ ಯೋಜನೆಯ ವಿಶೇಷ ಭೂಸ್ವಾಧೀನಾಧಿಕಾರಿ ಕಚೇರಿಯಲ್ಲಿ ಅವಾರ್ಡ್ ಪ್ರತಿ ಕೇಳಿ. ಹಣ ಪಾವತಿಯಾಗಿದೆಯೋ, ಕೋರ್ಟಿಗೆ ಕಳಿಸಿದ್ದಾರೋ, ಕಳಿಸಿದ್ದರೆ ಯಾವ ಕೇಸ್ ನಂಬರ್, ಇಷ್ಟನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಉತ್ತರಕ್ಕೆ ಸುಮ್ನೆ ವಾಪಸ್ ಬರಬೇಡಿ. ಉತ್ತರ ಬರದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇದು ಗೊತ್ತಿಲ್ಲದೆ ಉದ್ದ ಬರೆದರೆ ಅರ್ಜಿ ತಿರುಗಿ ಬರುತ್ತದೆ.

ಹಣ ಕೋರ್ಟಿನಲ್ಲಿದೆ ಅಂತ ಗೊತ್ತಾದರೆ ವಾರಸಾ ದಾಖಲೆ ಬೇಕು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ ತಲಾಟಿ ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ಎಲ್ಲ ಮಕ್ಕಳ ಹೆಸರು ಇರಲಿ. ಅಕ್ಕತಂಗಿಯರು ತಮಗೆ ಪಾಲು ಬೇಡ ಅಂದರೂ ಹೆಸರು ಬಿಡಬೇಡಿ, ಬೇಡ ಅನ್ನುವುದನ್ನು ಅವರೇ ಕಾನೂನು ಪ್ರಕಾರ ಬರೆದುಕೊಡಲಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಏಜೆಂಟ್ ಹಿಡಿಯುವವರೇ ಜಾಸ್ತಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಫೀಸು ಕೊಟ್ಟು ವಕೀಲರನ್ನು ಇಟ್ಟರೂ ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತಾಡಬೇಡಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಹಾಗೆ ಪಾಲು ಕೇಳುವಂತಿಲ್ಲ. ವಕೀಲರಿಗೇ ಕೇಳಲು ಅವಕಾಶ ಇಲ್ಲದ ಪಾಲನ್ನು ಬೀದಿಯಲ್ಲಿ ಬಂದವನಿಗೆ ಯಾಕೆ ಕೊಡಬೇಕು?

ಇದೇ ಏಜೆಂಟರು ಬ್ಯಾಂಕಿನ ಹಳೇ ಠೇವಣಿ ಹುಡುಕಿಕೊಡ್ತೀವಿ ಅಂತಲೂ ಬರುತ್ತಾರೆ. 10 ವರ್ಷ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನು ಉದ್ಗಮ್ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು, ಬ್ಯಾಂಕಿನಲ್ಲೇ ಅರ್ಜಿ ಕೊಟ್ಟು ಪಡೆಯಬಹುದು. ಅಲ್ಲೂ ಯಾರಿಗೂ ಕಮಿಷನ್ ಕೊಡಬೇಕಿಲ್ಲ.

ಈಗಾಗಲೇ ಸಹಿ ಮಾಡಿ ಕೊಟ್ಟುಬಿಟ್ಟವರು ತಡ ಮಾಡಬೇಡಿ. ಮುಖತ್ಯಾರ ಪತ್ರವನ್ನು ಉಪ ನೋಂದಣಿ ಕಚೇರಿಯಲ್ಲಿ ಬರವಣಿಗೆಯಲ್ಲಿ ರದ್ದು ಮಾಡಿಸಿ. ರದ್ದತಿಯ ಪ್ರತಿಯನ್ನು ಏಜೆಂಟಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಭೂಸ್ವಾಧೀನ ಕಚೇರಿಗೂ ಕೋರ್ಟಿಗೂ ಕೊಡಿ. ಚೆಕ್ಕಿನ ನಂಬರ್ ಕೊಟ್ಟು ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಮಾಡಿಸಿ, ಅರ್ಜಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಚೆಕ್ ಯಾವ ಸಂದರ್ಭದಲ್ಲಿ ಕೊಟ್ಟಿದ್ದು ಅಂತ ಅದೇ ದಿನ ಪೊಲೀಸರಿಗೂ ಬರೆದುಕೊಡಿ. ಸ್ಟಾಪ್ ಪೇಮೆಂಟ್ ಮಾಡಿಸಿದ ಮಾತ್ರಕ್ಕೆ 138ರ ಕೇಸು ಬರುವುದೇ ಇಲ್ಲ ಅಂತಲ್ಲ. ಹಾಗಾಗಿ ಅವನಿಂದ ವಕೀಲರ ನೋಟಿಸ್ ಬಂದರೆ ಎತ್ತಿಡಬೇಡಿ. ಕಾನೂನು ಕೊಡುವ ಸಮಯ 15 ದಿನ, ಅಷ್ಟರೊಳಗೆ ವಕೀಲರಿಂದ ಉತ್ತರ ಕೊಡಿಸಿ. ನಮ್ಮ ಮಾವನ ಕಡೆಯಿಂದ ಈಗ ಇಷ್ಟನ್ನೂ ಮಾಡಿಸಿದ್ದೇವೆ. ಬರೆಸಿಕೊಂಡು ಬರಲು ಜೊತೆಗೆ ಹೋದವರು ಚಿಗವ್ವನ ಮಗ.